ನಾನು ಖೋಟಾ ಎಂದು ಬರೆದ ಕಲ್ಲು

ನಿವೃತ್ತರಾದವರು ಬರೆಯಲು ಕೂತರೆ, ತಮ್ಮನ್ನು ಈ ಎತ್ತರಕ್ಕೆ ತಂದವರಿಗೆಲ್ಲ ಕೈಮುಗಿಯುವುದರಲ್ಲೇ ನಾಲ್ಕು ಪುಟ ಹೋಗುತ್ತದೆ. ನನ್ನನ್ನು ಯಾರೂ ಎಲ್ಲಿಗೂ ಎತ್ತಿ ಒಯ್ಯಲಿಲ್ಲ. ಐವತ್ತೈದು ತುಂಬುವ ಹೊತ್ತಿಗೆ ನನ್ನ ಬಲ ಮೊಣಕಾಲು, ಇನ್ನು ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂಡುವುದಿಲ್ಲ ಎಂದು ಹಟ ಹಿಡಿಯಿತು. ಚಿಕ್ಕೋಡಿಯ ಕಾಲೇಜಿಗೆ ಸ್ವಯಂ ನಿವೃತ್ತಿಯ ಅರ್ಜಿ ಕೊಟ್ಟೆ. ಅದು ಅಷ್ಟು ಬೇಗ ಯಾಕೆ ಮಂಜೂರಾಯಿತು ಎಂಬ ಸಂಶಯ ಈಗಲೂ ಇದೆ.

ಇತಿಹಾಸದಲ್ಲಿ ಎಂ.ಎ. ಮುಗಿಸಿದ ಹುಡುಗಿಯರು, ಹುಡುಗರು ಆಗಾಗ ಮನೆಗೆ ಬಂದು, "ಮೇಡಮ್, ಈ ಕೆಲಸ ಖರೇನ ಹೆಂಗಿರತೈತ್ರಿ?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ಇಲ್ಲಿ ಬೇಡ. ಅದೆಲ್ಲ ನನ್ನ ಸೇವಾ ಪುಸ್ತಕದಲ್ಲಿದೆ, ಅದರಲ್ಲಿ ನನ್ನ ಹುಟ್ಟಿದ ತಾರೀಖೇ ತಪ್ಪಿದೆ.

ನನ್ನ ವಿಷಯ ಹಳೆಯ ಕಾಲದ ವ್ಯಾಪಾರ ಮತ್ತು ಧರ್ಮ. ಕೊಂಕಣದ ಬಂದರುಗಳಲ್ಲಿ ಇಳಿದ ಅರಬರ ಕುದುರೆ, ಚೀನದ ಪಿಂಗಾಣಿ, ಸಿಂಹಳದ ಮುತ್ತು ಘಟ್ಟ ಹತ್ತಿ, ನಿಪ್ಪಾಣಿಯ ಕಡೆಯಿಂದ ಇಳಿದು, ಕೃಷ್ಣೆಯನ್ನು ದಾಟಿ ಹೇಗೆ ಒಳನಾಡಿಗೆ ಹೋಗುತ್ತಿದ್ದವು, ಆ ಹೇರುಗಳ ಹಿಂದೆ ಯಾವ ಯಾವ ದೇವರು ನಡೆದುಬಂದವು ಎಂಬುದನ್ನು ಹುಡುಕುವುದು. ವ್ಯಾಪಾರಿ ಒಂದು ರಾತ್ರಿ ತಂಗಿದ ಕಡೆ ಅವನ ದೇವರೂ ತಂಗುತ್ತಿತ್ತು. ಬೆಳಗಾದ ಮೇಲೆ ವ್ಯಾಪಾರಿ ಎದ್ದು ಹೋಗುತ್ತಿದ್ದ, ದೇವರು ಅಲ್ಲೇ ಉಳಿದುಬಿಡುತ್ತಿತ್ತು. ಬಸದಿ, ವಿಹಾರ, ಗುಡಿ ಎಂದು ನಾವು ಈಗ ಬೇರೆ ಬೇರೆ ಪಾಠಗಳಲ್ಲಿ ಕಲಿಸುವುದೆಲ್ಲ ಆಗ ಒಂದೇ ಸಂತೆಯ ದಾರಿಯಲ್ಲಿ ಇತ್ತು.

ಕೇಳಲು ಚೆಂದವಾಗಿದೆ. ಆದರೆ ನಿತ್ಯದ ಕೆಲಸ ಎಂದರೆ ಸಂಶಯಪಡುವುದು. ಈ ನಾಣ್ಯ ಖರೆಯೋ, ಈ ತಾಮ್ರಪಟ ಯಾರ ಮನೆಯ ತಾಮ್ರದ ಹಂಡೆಯಿಂದ ಹುಟ್ಟಿತು, ಈ ಗೌಡರು ನನಗೆ ಯಾಕೆ ಇಷ್ಟು ಚಹ ಕುಡಿಸುತ್ತಿದ್ದಾರೆ, ಹೀಗೆ. ಮೂವತ್ತು ವರ್ಷ ಇದನ್ನೇ ಮಾಡಿದರೆ ಅದು ಮನೆಯೊಳಗೂ ಬರುತ್ತದೆ. ನನ್ನ ಯಜಮಾನರು ಬಂದವರ ಮುಂದೆಲ್ಲ ಹೇಳುತ್ತಾರೆ: "ಹಾಲಿನಾಂವ ಹಾಲು ಹಾಕಿದ್ರ, ಇದು ಯಾವ ಎಮ್ಮೀದು, ಕರದಿದ್ದು ನೋಡಿದವ್ರು ಯಾರು ಅಂತ ಕೇಳ್ತಾಳ ನೋಡ್ರಿ ಈಕಿ." ಅದು ಅತಿಶಯೋಕ್ತಿ. ನಾನು ಎಮ್ಮೆಯೋ ಆಕಳೋ ಎಂದಷ್ಟೇ ಕೇಳಿದ್ದೆ.

ಹುಟ್ಟಿನಿಂದ ನಾನು ಸಂಶಯದವಳಲ್ಲ, ಹೆದರುಪುಕ್ಕಲಿ ಅಷ್ಟೇ. ಹಳ್ಳಿಗೆ ಹೊರಟರೆ ಚೀಲದಲ್ಲಿ ಎರಡು ಅಳತೆಪಟ್ಟಿ, ಎರಡು ಬ್ಯಾಟರಿ, ನಾಲ್ಕು ಪೆನ್ನು, ನಾನು ನಾನೇ ಎಂದು ಪ್ರಾಚಾರ್ಯರು ಬರೆದುಕೊಟ್ಟ ಪತ್ರದ ಮೂರು ಪ್ರತಿ ಇರುತ್ತಿದ್ದವು. ಸಂಶಯವನ್ನು ಕಲಿಸಿದ್ದು ತೆಲಸಂಗದ ಒಂದು ಹೊಲ.

ಆಗ ನಾನು ಸಂಶೋಧನೆಗೆ ಹೊಸಬಳು. ಅಥಣಿಯಿಂದ ಬಸ್ಸಿನಲ್ಲಿ ತೆಲಸಂಗಕ್ಕೆ ಹೋಗಿ, ಉತ್ತಿದ ಹೊಲದಲ್ಲಿ ಮಡಕೆಯ ಚೂರು ಆಯುತ್ತಿದ್ದೆ. ಒಂದೇ ಕಡೆ ಏಳು ನೀಲಿ ಗಾಜಿನ ಮಣಿ ಸಿಕ್ಕವು. ಸಮುದ್ರದ ಆಚೆಯ ಗಾಜು ನಮ್ಮ ಎರೆಮಣ್ಣಿನಲ್ಲಿ! ಆ ರಾತ್ರಿ ನಿದ್ದೆ ಬರಲಿಲ್ಲ. ಹದಿನೆಂಟು ಪುಟದ ಪ್ರಬಂಧ ಬರೆದೆ. ಅದರಲ್ಲಿ ನಕಾಶೆ ಬೇರೆ. ಪಡುವಣ ಕಡಲಿನಿಂದ ತೆಲಸಂಗದವರೆಗೆ ಬಾಣದ ಗುರುತು. ಒಂದು ವಿಚಾರಗೋಷ್ಠಿಯಲ್ಲಿ ಓದಿದೆ, ಚಪ್ಪಾಳೆ ಬಿತ್ತು. ನನ್ನ ಮಾರ್ಗದರ್ಶಕರು ಮಾತ್ರ ಚಪ್ಪಾಳೆ ತಟ್ಟದೆ, "ಇನ್ನೂ ಹತ್ತು ಮಣಿ ಹುಡುಕಿಕೊಂಡು ಬಾ" ಎಂದರು.

ಮತ್ತೆ ಹೋದೆ. ಬಾಗಿಕೊಂಡು ಸಾಲು ಸಾಲು ನೋಡುತ್ತಿದ್ದಾಗ ಹೊಲದ ಮುದುಕ ಬದುವಿನ ಮೇಲೆ ನಿಂತು ಕೇಳಿದ.

"ಏನ ಕಳಕೊಂಡೀರಿ ತಂಗೀ?"

ಅಂಗೈಯಲ್ಲಿದ್ದ ಮಣಿ ತೋರಿಸಿದೆ. ಆತ ಒಂದನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದ.

"ಇವು ನಮ್ಮ ಹಂಡ ಎತ್ತಿನ ಕೊಳ್ಳಾಗಿನ್ವು. ಹ್ವಾದ ವರ್ಷ ಗಳೇ ಹೂಡಿದಾಗ ಸರ ಹರದು ಬಿದ್ದಿದ್ದು. ನೀ ಛಲೋ ಆತು ನೋಡವಾ, ಆರಿಸಿ ಇಟ್ಟಿ. ಇಲ್ಲಿ ಕೊಡು."

ಕೊಟ್ಟೆ. ಏಳೂ ಕೊಟ್ಟೆ. ಪ್ರಬಂಧ ಅಷ್ಟರಲ್ಲಿ ಅಚ್ಚಾಗಿತ್ತು. ಮಾರ್ಗದರ್ಶಕರು ನಗಲಿಲ್ಲ. ನಕ್ಕಿದ್ದರೆ ಇಷ್ಟು ನೆನಪು ಇರುತ್ತಿರಲಿಲ್ಲ. "ಇನ್ನು ಮೇಲೆ ಕೈಗೆ ಸಿಕ್ಕಿದ್ದೆಲ್ಲ ಸುಳ್ಳು ಅಂತಲೇ ಶುರುಮಾಡು. ಖರೆ ಇದ್ದರೆ ಅದೇ ತನ್ನ ಸಾಕ್ಷಿ ತರುತ್ತದೆ" ಎಂದರು. ಅವರು ದೊಡ್ಡ ವಿದ್ವಾಂಸರು, ಯಾರನ್ನೂ ನಂಬದೆ ಬಾಳಿ ತೀರಿಕೊಂಡರು. ಅವರ ಕಪಾಟಿಗೆ ಮೂರು ಕೀಲಿ ಇದ್ದವು. ತೆಗೆದು ನೋಡಿದಾಗ ಒಳಗೆ ಇದ್ದದ್ದು ನಮ್ಮೆಲ್ಲರ ತಪ್ಪು ಪ್ರಬಂಧಗಳು.

ಆ ಪಾಠ ನಿಪ್ಪಾಣಿಯಲ್ಲಿ ಫಲ ಕೊಟ್ಟಿತು. ಒಬ್ಬ ಗೃಹಸ್ಥ ಕರವಸ್ತ್ರದಲ್ಲಿ ಕಟ್ಟಿಕೊಂಡು ಮೂರು ಹೊರದೇಶದ ನಾಣ್ಯ ತಂದ. ಒಂದು ಕಡೆ ರಾಜನ ಮುಖ, ಇನ್ನೊಂದು ಕಡೆ ರೆಕ್ಕೆಯ ದೇವತೆ. ಅಜ್ಜನ ತಂಬಾಕಿನ ಹೊಲದಲ್ಲಿ ಸಿಕ್ಕವಂತೆ. ನಾನು ಮೂರನ್ನೂ ಸಾಲಾಗಿ ಇಟ್ಟೆ. ಮೂರು ರಾಜರ ಮೂಗಿನ ಮೇಲೂ ಒಂದೇ ಜಾಗದಲ್ಲಿ ಒಂದೇ ತಗ್ಗು. ಕಾಲ ಬೇರೆ ಬೇರೆ ನಾಣ್ಯವನ್ನು ಬೇರೆ ಬೇರೆ ಕಡೆ ಸವೆಸುತ್ತದೆ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದರೆ ಮಾತ್ರ ತಗ್ಗೂ ನಕಲಾಗುತ್ತದೆ. ಅದನ್ನು ತೋರಿಸಿದೆ. ಆತ ಸ್ವಲ್ಪವೂ ಅಳುಕಲಿಲ್ಲ.

"ಅಹೋ ಮೇಡಮ್, ಹಂಗಾದ್ರ ಮುಂದಿಂದು ಬ್ಯಾರೆ ಕಡೆ ಬಡದು ತರ್ತೀನಿ ಬಿಡ್ರಿ."

ಈ ಕತೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಚಿಕ್ಕೋಡಿಯಿಂದ ಕಾಗವಾಡದವರೆಗೆ, ‘ಹಳೇ ಸಾಮಾನು ಖರೇನೋ ಖೋಟಾನೋ ಮೇಡಮ್ ಒಂದ ನೋಟಕ್ಕ ಹೇಳ್ತಾರ’ ಎಂಬ ಹೆಸರು ಹಬ್ಬಿತು. ಆ ಹೆಸರು ನನಗೆ ಹಿತವಾಗಿತ್ತು. ಹುಡುಗಿಯರೇ, ಹುಡುಗರೇ, ಹಿತವಾಗುವ ಹೆಸರಿನ ಮೇಲೆ ಒಂದು ಕಣ್ಣಿಡಿ.

ಇನ್ನು ಕೆಲಸದ ರೀತಿ ಬದಲಾದದ್ದನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ. ಮೊದಲು ಶಾಸನದ ಕಲ್ಲು ಓದಬೇಕೆಂದರೆ ಅದರ ಪಡಿಯಚ್ಚು ತೆಗೆಯಬೇಕಿತ್ತು. ಕಲ್ಲನ್ನು ತೊಳೆಯುವುದು, ಒದ್ದೆ ಕಾಗದ ಹರಡುವುದು, ಬಿರುಸು ಬ್ರಷ್ಷಿನಿಂದ ಬಡಿಬಡಿದು ಕಾಗದವನ್ನು ಅಕ್ಷರದ ತಗ್ಗಿಗೆ ಇಳಿಸುವುದು, ಅರೆ ಒಣಗಿದ ಮೇಲೆ ಮಸಿಯ ಬಟ್ಟೆಗಂಟಿನಿಂದ ಮೆಲ್ಲಗೆ ತಟ್ಟುವುದು. ತಗ್ಗು ಬಿಳಿಯಾಗಿ, ಉಳಿದದ್ದು ಕರಿಯಾಗಿ ಏಳುತ್ತದೆ. ದೊಡ್ಡ ಕಲ್ಲಾದರೆ ಅರ್ಧ ದಿನ. ಗಾಳಿ ಬಂದರೆ ಮತ್ತೆ ಮೊದಲಿನಿಂದ. ಆ ಅರ್ಧ ದಿನದಲ್ಲಿ ಊರಿನ ಮಂದಿಯೆಲ್ಲ ಸುತ್ತ ಕೂಡುತ್ತಿದ್ದರು, ಯಾರ ಹೆಂಡತಿ ತವರಿಗೆ ಹೋದಳು ಎಂಬುದೂ ನಮಗೆ ಗೊತ್ತಾಗುತ್ತಿತ್ತು. ಆಮೇಲೆ ಕ್ಯಾಮೆರಾ ಇರುವ ಫೋನು ಬಂತು. ನಾಲ್ಕು ಫೋಟೋ, ಒಂದು ಚಹ, ಮುಂದಿನ ಬಸ್ಸು. ಮೊಣಕಾಲಿಗೆ ಬಹಳ ಅನುಕೂಲವಾಯಿತು.

ನಿವೃತ್ತಿಗೆ ಒಂದು ವರ್ಷ ಇದ್ದಾಗ ಉಗಾರ ಬುದ್ರುಕಿನ ಆಚೆಯ ಒಂದು ಹಳ್ಳಿಯಿಂದ ಕರೆ ಬಂತು. ಊರಿನ ಹೆಸರು ಬೇಡ. ಕೃಷ್ಣೆಯ ದಂಡೆ, ಸುತ್ತ ಕಬ್ಬು. ಫೋನು ಮಾಡಿದಾಕೆ ಸುಮನಬಾಯಿ ಎಂಬ ಅಂಗನವಾಡಿ ಶಿಕ್ಷಕಿ. ಅವರದು ಬೌದ್ಧ ಮನೆತನ. ಗಂಡ ತೀರಿಹೋಗಿದ್ದರು, ಮಗಳು ನರ್ಸಿಂಗ್ ಓದುತ್ತಿದ್ದಳು, ಅಂಗನವಾಡಿಯ ಕೆಲಸವೇ ಮನೆಗೆ ಆಧಾರ. ಹೊಳೆಯಿಂದ ನೀರಿನ ಪೈಪು ಎಳೆಯಲು ತಮ್ಮ ಸಣ್ಣ ಹೊಲದ ಬದುವಿನಲ್ಲಿ ಅಗೆದಾಗ ಒಂದು ಕಲ್ಲು ಎದ್ದಿತ್ತು. ಅದನ್ನು ಕೇರಿಯ ಅರಳಿ ಗಿಡದ ಬುಡಕ್ಕೆ ತಂದು ಸಿಮೆಂಟಿನ ಕಟ್ಟೆ ಕಟ್ಟಿ ನಿಲ್ಲಿಸಿದ್ದರು.

"ಮ್ಯಾಲ ಒಂದು ತಾಯಿ ಕುಂತಾಳ್ರಿ ಅಕ್ಕಾರ, ಕೈಯಾಗ ತಾವರಿ ಹೂವು ಐತಿ. ಕೆಳಗ ಅಕ್ಷರದಾವು. ನೀವು ಬಂದು ಓದಿ ಹೇಳಬೇಕ್ರಿ."

ತಾವರೆ ಹಿಡಿದ ತಾಯಿ ಎಂದರೆ ತಾರಾದೇವಿ ಇರಬಹುದು. ದೂರದ ವ್ಯಾಪಾರಕ್ಕೆ ಹೊರಟವರನ್ನು ಹೊಳೆಯಲ್ಲಿ, ಕಡಲಲ್ಲಿ ಕಾಯುವವಳು ಎಂದು ಬೌದ್ಧ ವರ್ತಕರು ನಂಬಿದ್ದ ದೇವಿ. ಕೃಷ್ಣೆಯ ಈ ದಂಡೆಯಲ್ಲಿ ಆಕೆ ಸಿಕ್ಕರೆ ನನ್ನ ಇಡೀ ವೃತ್ತಿಗೆ ಅದೊಂದೇ ಸಾಕು. ಅದಕ್ಕೇ ಸಂಶಯ ಬಂತು. ನನಗೆ ಬೇಕಾದದ್ದೇ, ಬೇಕಾದ ಜಾಗದಲ್ಲೇ, ಬೌದ್ಧರ ಕೇರಿಯಲ್ಲೇ ಸಿಗಬೇಕೆ?

ಹೋದೆ. ಕಟ್ಟೆಯ ಸುತ್ತ ರಂಗೋಲಿ ಹಾಕಿದ್ದರು. ದೇವಿಯ ಮೂರ್ತಿ ಹಳೆಯದೇ ಅನ್ನಿಸುವಂತೆ ಸವೆದಿತ್ತು. ಆದರೆ ಅದರ ಕೆಳಗಿನ ನಾಲ್ಕು ಸಾಲು ಅಕ್ಷರ ನಿನ್ನೆ ಕೆತ್ತಿದಂತೆ ಬೆಳ್ಳಗೆ ಹೊಳೆಯುತ್ತಿತ್ತು. ಕರಿಕಲ್ಲನ್ನು ಹೊಸದಾಗಿ ಉಳಿಯಿಂದ ಕಡಿದರೆ ಬೂದುಬಿಳಿ ಬಣ್ಣ ಬರುತ್ತದೆ, ಅದು ಕಪ್ಪಾಗಲು ತಲೆಮಾರುಗಳು ಬೇಕು. ಬೆರಳಾಡಿಸಿದೆ. ಬೆರಳಿಗೆ ಕಲ್ಲಿನ ಪುಡಿ ಹತ್ತಿತು. ಅಲ್ಲಿಗೆ ಮುಗಿಯಿತು.

ಸುಮನಬಾಯಿ ತಟ್ಟೆಯಲ್ಲಿ ಚುರಮುರಿ, ಚಹ ತಂದಿಟ್ಟರು. "ಹೆಂಗೈತ್ರಿ ಅಕ್ಕಾರ? ಓದಾಕ ಬರ್ತೈತಿಲ್ರಿ?" ಎಂದು ಕೇಳುವಾಗ ಅವರ ಮುಖದಲ್ಲಿ ಒಂದು ಹೆಮ್ಮೆ ಇತ್ತು. ಆ ಹೆಮ್ಮೆಯನ್ನು ನಾನು ನಿಪ್ಪಾಣಿಯ ಗೃಹಸ್ಥನ ಮುಖದಲ್ಲಿಯೂ ನೋಡಿದ್ದೆ ಎಂದುಕೊಂಡೆ. "ಭಾಳ ಛಲೋ ಓದಾಕ ಬರ್ತೈತಿ" ಎಂದೆ, ವ್ಯಂಗ್ಯವಾಗಿ. ಅವರು ಅದನ್ನು ಹೊಗಳಿಕೆ ಎಂದು ತಿಳಿದು ನಕ್ಕರು. ನಾಲ್ಕು ಫೋಟೋ ತೆಗೆದು ಬಸ್ಸು ಹಿಡಿದೆ. ನೆನಪಿರಲಿ, ಆ ದಿನ ನಾನು ಆ ಕೇರಿಯಲ್ಲಿ ಇದ್ದದ್ದು ಹದಿನೈದು ನಿಮಿಷ.

ಊರಿನ ಪಂಚಾಯಿತಿಯವರು ಲಿಖಿತ ಅಭಿಪ್ರಾಯ ಕೇಳಿದರು. ಬರೆದುಕೊಟ್ಟೆ: ಅಕ್ಷರಗಳು ಇತ್ತೀಚೆಗೆ ಕೆತ್ತಿದವು, ಸವೆದ ಮೂರ್ತಿಯ ಕೆಳಗೆ ಯಾರೋ ಬೇಕೆಂದೇ ಶಾಸನ ಸೃಷ್ಟಿಸಿದ್ದಾರೆ, ಇದು ಖೋಟಾ. ಕೆಳಗೆ ಸಹಿ, ಕಾಲೇಜಿನ ಮೊಹರು. ನಾಲ್ಕು ಸಾಲಿನಲ್ಲಿ ಇದ್ದದ್ದು ಬರೀ ಅರಸನ ಬಿರುದುಗಳು, ಯಾರು ಬೇಕಾದರೂ ಪುಸ್ತಕ ನೋಡಿ ಕೆತ್ತಿಸಬಹುದು ಎಂದೂ ಸೇರಿಸಿದೆ.

ಎರಡು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಸುಮನಬಾಯಿ ಚಿಕ್ಕೋಡಿಯ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬರ್ರಿ ಎಂದರೆ ಬರಲಿಲ್ಲ. ಕೈಯಲ್ಲಿ ಒಂದು ನೋಟೀಸು, ಅದಕ್ಕೆ ಹೊಲಿದ ನನ್ನ ಪತ್ರದ ನಕಲು.

"ಓದ್ರಿ ಅಕ್ಕಾರ. ನೀವು ಓದೂದರಾಗ ಶಾಣ್ಯಾರಲ್ರಿ."

ಅವರ ಬದುವಿನ ಆಚೆಯ ಕಬ್ಬು ಅಣ್ಣಾಸಾಹೇಬರು ಎಂಬ ದೊಡ್ಡ ರೈತರದು. ಕಲ್ಲು ಹಳೆಯದೆಂದಾದರೆ ಸರಕಾರದವರು ಬಂದು ಬದುವಿಗೆ ಬೇಲಿ ಹಾಕುತ್ತಾರೆ, ತಮ್ಮ ಟ್ರ್ಯಾಕ್ಟರ್ ದಾರಿ ಹೋಗುತ್ತದೆ ಎಂದು ಅವರಿಗೆ ಮೊದಲಿನಿಂದಲೂ ದಿಗಿಲು. ನನ್ನ ಪತ್ರ ಸಿಕ್ಕದ್ದೇ ತಡ, ಅಂಗನವಾಡಿ ಇಲಾಖೆಯ ತಾಲೂಕು ಕಚೇರಿಗೆ ದೂರು ಕೊಟ್ಟಿದ್ದರು: ಈಕೆ ಖೋಟಾ ಶಾಸನ ಮಾಡಿಸಿ ಊರಲ್ಲಿ ತಂಟೆ ಹಚ್ಚಿದ್ದಾಳೆ, ಇಂಥವಳು ಮಕ್ಕಳಿಗೆ ಏನು ಕಲಿಸುತ್ತಾಳೆ, ಕೆಲಸದಿಂದ ತೆಗೆಯಬೇಕು. ಬರುವ ಸೋಮವಾರ ವಿಚಾರಣೆ.

"ನಮ್ಮ ಓಣ್ಯಾಗ ಹುಡುಗೂರು ನನ್ನ ಖೋಟಾ ಟೀಚರ್ ಅಂತಾವ್ರಿ. ಹುಡುಗೂರಂದ್ರ ಅನ್ನಲಿ. ಕೆಲಸ ಹ್ವಾದ್ರ ನಮ್ಮ ಹುಡುಗಿ ಕಾಲೇಜ್ ಬಿಡಸಬೇಕಾಗತೈತಿ. ನಾ ಏನ್ ಮಾಡೇನಿ ಹೇಳ್ರಿ. ಒಂದ ಮಾತು ಹೇಳ್ರಿ, ಹೋಗಿಬಿಡ್ತೀನಿ."

ಅಕ್ಷರ ಹೊಸದಾಗಿ ಕೆತ್ತಿದ್ದು ಸುಳ್ಳೇ ಎಂದು ಕೇಳಿದೆ.

"ಸುಳ್ಳ ಯಾಕ್ರಿ? ಖರೇನ. ಎಲ್ಲಪ್ಪಜ್ಜ ಕೆತ್ತ್ಯಾನ."

ಅಷ್ಟು ಸರಾಗವಾಗಿ ಒಪ್ಪಿಕೊಂಡ ಖೋಟಾದವರನ್ನು ನಾನು ನೋಡಿರಲಿಲ್ಲ. ಇದೂ ಒಂದು ಹೊಸ ಬಗೆಯ ಮೋಸವಿರಬೇಕು ಎಂದುಕೊಂಡೆ. ಆದರೆ ನೋಟೀಸಿಗೆ ಹೊಲಿದಿದ್ದ ನನ್ನ ಸಹಿ ನನ್ನನ್ನೇ ನೋಡುತ್ತಿತ್ತು. ಮರುದಿನ ಬೆಳಿಗ್ಗೆ ಕೇರಿಗೆ ಬರುತ್ತೇನೆ ಎಂದೆ. ಬಹಳ ವರ್ಷದಿಂದ ಮೂಲೆಯಲ್ಲಿದ್ದ ಪಡಿಯಚ್ಚಿನ ಸಾಮಾನು ಹುಡುಕಿ ಚೀಲಕ್ಕೆ ಹಾಕಿದೆ. ಯಜಮಾನರು ನೋಡಿ, "ಆಕಿ ಸುಳ್ಳ ಹೇಳಾಕತ್ತಾಳಂತ ಗೊತ್ತಿದ್ರ ಇಷ್ಟೆಲ್ಲಾ ಯಾಕ?" ಎಂದರು. ಗೊತ್ತಿಲ್ಲ ಎಂಬುದೇ ತೊಂದರೆ ಎಂದೆ.

ಎಲ್ಲಪ್ಪಜ್ಜ ಎಪ್ಪತ್ತು ದಾಟಿದ ಮನುಷ್ಯ. ಬೀಸುಕಲ್ಲು ಒರಳುಕಲ್ಲು ಸವೆದು ನುಣ್ಣಗಾದಾಗ ಉಳಿಯಿಂದ ಟಾಕಿ ಹೊಡೆದು ಮತ್ತೆ ಒರಟು ಮಾಡಿಕೊಡುವುದು ಅವರ ಕಸುಬು. ಮಿಕ್ಸರ್ ಬಂದ ಮೇಲೆ ಆ ಕೆಲಸ ನಿಂತುಹೋಗಿತ್ತು. ಕಟ್ಟೆಯ ಹತ್ತಿರ ನಮಗಿಂತ ಮೊದಲೇ ಬಂದು ಕೂತಿದ್ದರು.

"ನೀವೇನ್ರಿ ಇದನ್ನ ಕೆತ್ತಿದವ್ರು?"

"ನಾನ ರೀ ಬಾಯಾರ. ಎರಡು ದಿನ ಹಿಡೀತು."

"ಯಾವ ಪುಸ್ತಕ ನೋಡಿ ಕೆತ್ತಿದ್ರಿ? ಬರದು ಕೊಟ್ಟವ್ರು ಯಾರು?"

ಮುದುಕ ನನ್ನನ್ನು ನೋಡಿದರು, ಸುಮನಬಾಯಿಯನ್ನು ನೋಡಿದರು. "ಪುಸ್ತಕ ಎಲ್ಲಿಂದು ರೀ? ನನಗ ಓದಾಕ ಬರೂದಿಲ್ಲ. ಅಕ್ಷರ ಮದಲ ಇದ್ದೂರಿ. ಭಾಳ ಸವದಿದ್ದೂ, ಮಣ್ಣ ತುಂಬಿತ್ತು. ಚಿಕ್ಕೋಡಿಯಿಂದ ಓದಾಕ ಬಾಯಾರ ಬರ್ತಾರ, ವಯಸ್ಸಾದವ್ರು, ಕಣ್ಣಿಗೆ ಚಾಳೀಸ ಇದ್ದೀತು ಅಂತ ಸುಮನಿ ಅಂದ್ಲು. ದೂರಿಂದ ಬಂದವ್ರ ಕಣ್ಣಿಗೆ ತ್ರಾಸ ಯಾಕಂತ ಟಾಕಿ ಹೊಡದೆ. ಬೆರಳ ಇಳದಲ್ಲಿ ಉಳಿ ಇಳಿಸೇನ್ರಿ, ಬ್ಯಾರೆ ಕಡೆ ಒಂದ ಏಟು ಹಾಕಿಲ್ಲ."

ನಾನು ಸುಮನಬಾಯಿಯ ಕಡೆ ತಿರುಗಿದೆ. "ಇದನ್ನ ಆವತ್ತ ಯಾಕ ಹೇಳಲಿಲ್ರಿ?"

"ಮಂದಿ ಬರ್ತಾರಂದ್ರ ಮನಿ ಸಾರಸ್ತೀವ್ರಿ. ಬಂದ ಮ್ಯಾಲ, ನಿಮ್ಮ ಸಲುವಾಗಿ ಮನಿ ಸಾರಿಸೇವಿ ಅಂತ ಹೇಳ್ತಾರೇನ್ರಿ?"

ಮಾತು ಮನಸ್ಸಿಗೆ ತಾಗಿತು. ಆದರೆ ಹುಡುಗರೇ, ಮನಸ್ಸಿಗೆ ತಾಗುವ ಮಾತೇ ನಮ್ಮ ಕಸುಬಿನಲ್ಲಿ ಅಪಾಯದ್ದು. ಇದು ನಿಜವೆಂದೇ ಇಟ್ಟುಕೊಳ್ಳಿ, ತೋರಿಸುವುದು ಹೇಗೆ? ಹಳೆಯ ಗೆರೆಯನ್ನು ಮುದುಕ ಎಷ್ಟು ಭಕ್ತಿಯಿಂದ ಕಡಿದಿದ್ದರೆಂದರೆ ಒಂದು ಅಕ್ಷರದ ತಳದಲ್ಲೂ ಹಳೆಯ ಕಪ್ಪು ಉಳಿದಿರಲಿಲ್ಲ. ಸಾಕ್ಷಿಯನ್ನೇ ಒರೆಸಿ ಹೊಳಪು ಮಾಡಿ ನನ್ನ ಮುಂದೆ ಇಟ್ಟಿದ್ದರು. ಕಲ್ಲು ಎದ್ದಾಗ ಫೋಟೋ ತೆಗೆದಿದ್ದಿರಾ ಎಂದೆ. ಪೈಪಿನ ಕೆಲಸದ ಗದ್ದಲದಲ್ಲಿ ಯಾರೂ ತೆಗೆದಿರಲಿಲ್ಲ.

ಅಷ್ಟರಲ್ಲಿ ಅಣ್ಣಾಸಾಹೇಬರು ಮೋಟಾರ್ ಸೈಕಲ್ಲಿನಲ್ಲಿ ಬಂದು ರಸ್ತೆಯ ಅಂಚಿಗೆ ನಿಂತರು. "ಏನ್ರಿ ಮೇಡಮ್, ಮತ್ತ ಬಂದೀರಿ? ಈ ಸಲ ಚುರಮುರಿ ಜೋಡಿ ಭಜಿ ಐತೇನು?"

ಕೂಡಿದ ಮಂದಿಯಲ್ಲಿ ಯಾರೋ ನಕ್ಕರು. ನಾನು ಅಳತೆಪಟ್ಟಿ ತೆಗೆದೆ. ಮುಜುಗರವಾದಾಗ ಅಳೆಯುವುದು ನನ್ನ ಚಟ. ಕಟ್ಟೆಯ ಮೇಲಿನ ಕಲ್ಲು ಎರಡೂವರೆ ಅಡಿ. ಸುಮ್ಮನೆ ಕೇಳಿದೆ: "ಎಲ್ಲಪ್ಪಜ್ಜಾ, ಕಟ್ಟಿ ಒಳಗ ಕಲ್ಲು ಎಷ್ಟೈತಿ?"

"ಎರಡು ಫೂಟು ಇಳಿಸೇವ್ರಿ. ಇಲ್ಲಾಂದ್ರ ಹೊಳ್ಳಿ ಬೀಳತೈತಿ. ಹೊಳಿ ಏರಿ ಬಂದಾಗ ಈ ಗಿಡದ ಮಟಾ ನೀರ ಬರತೈತಿ."

"ಅಷ್ಟರಾಗ ಅಕ್ಷರ ಇದ್ದುವೇನು?"

"ಮಣ್ಣು ಹತ್ತಿತ್ರಿ. ಒಳಗ ಹೋಗೂದಲ್ಲಾ ಅಂತ ನೋಡ್ಲಿಲ್ಲ. ಒಳಗ ಹೋಗೂದಕ್ಕ ಟಾಕಿ ಯಾಕ ಹೊಡೀಲ್ರಿ?"

ಟಾಕಿ ಬೀಳದ ಎರಡು ಅಡಿ. ಅಲ್ಲಿ ಅಕ್ಷರ ಇದ್ದರೆ, ಅವು ಕಪ್ಪಾಗಿ ಸವೆದಿದ್ದರೆ, ಮೇಲಿನದರ ಮಾತೇ ಮುಂದುವರಿದಿದ್ದರೆ, ಓದಲು ಬಾರದ ಮುದುಕ ಅದನ್ನು ಸೃಷ್ಟಿಸಲು ಸಾಧ್ಯವಿಲ್ಲ. ಅಕ್ಷರ ಇಲ್ಲದಿದ್ದರೆ ಸುಮನಬಾಯಿಯ ಪರವಾಗಿ ಹೇಳಲು ಲೋಕದಲ್ಲಿ ಏನೂ ಇಲ್ಲ. ಇದನ್ನು ನೋಡಲು ಕಟ್ಟೆ ಒಡೆಯಬೇಕು. ಇಡೀ ಕೇರಿ ಕೈಯಾರೆ ಕಟ್ಟಿದ ಕಟ್ಟೆ. ಒಡೆಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ. ಎರಡೂ ಕಡೆಯ ಮಾತು ಸುಮನಬಾಯಿಗೆ ತಿಳಿಸಿ ಹೇಳಿದೆ. ಒಳಗೆ ಬರಿ ಕಲ್ಲು ಇದ್ದರೆ ಇಷ್ಟು ಮಂದಿಯ ಮುಂದೆ ಬಯಲಾಗುತ್ತದೆ, ಸೋಮವಾರದವರೆಗೂ ಕಾಯಬೇಕಿಲ್ಲ ಎಂದೂ ಹೇಳಿದೆ.

ಅವರು ಬಹಳ ಯೋಚಿಸಲಿಲ್ಲ. ಸೆರಗು ಸಿಕ್ಕಿಸಿದರು.

"ಒಡೀ ಯಜ್ಜಾ."

ಎಲ್ಲಪ್ಪಜ್ಜ ಸುತ್ತಿಗೆ ಎತ್ತಿದರು. ಅಣ್ಣಾಸಾಹೇಬರು ಮೋಟಾರ್ ಸೈಕಲ್ ನಿಲ್ಲಿಸಿ ಹತ್ತಿರ ಬಂದರು. ಅವರೂ ಸಂಶಯದ ಮನುಷ್ಯರೇ, ಕಣ್ಣಾರೆ ನೋಡದೆ ಹೋಗುವವರಲ್ಲ. ಸಿಮೆಂಟು ಬಿರಿಯಿತು, ಇಟ್ಟಿಗೆ ಸರಿಯಿತು. ಕಲ್ಲಿನ ಬುಡಕ್ಕೆ ಒಣಮಣ್ಣು ಗಟ್ಟಿಯಾಗಿ ಅಂಟಿತ್ತು. ನೀರು ಹಾಕಿ ಬ್ರಷ್ಷಿನಿಂದ ತೊಳೆದೆ. ಬರಿಗಣ್ಣಿಗೆ ಏನೂ ಕಾಣಲಿಲ್ಲ. ಕರಿ ಕಲ್ಲು, ಕರಿ ಕಲೆ.

"ಕಾಯ್ ನಾಹೀ! ಏನೂ ಇಲ್ಲ! ನಾ ಹೇಳಿದ್ದಿಲ್ಲೇನು?" ಎಂದರು ಅಣ್ಣಾಸಾಹೇಬರು.

ನಾನು ಒದ್ದೆ ಕಾಗದ ಹರಡಿದೆ. ವರ್ಷಗಟ್ಟಲೆ ಮಾಡಿರಲಿಲ್ಲ, ಮೊದಲ ಕಾಗದ ಹರಿಯಿತು. ಎರಡನೆಯದನ್ನು ಹರಡಿ ಬಡಿದೆ. ಮೊಣಕಾಲು ಉರಿಯುತ್ತಿತ್ತು. ಕಾಗದ ಒಣಗಲು ಕಾದೆವು. ಕೇರಿಯ ಹೆಂಗಸರು ತಮ್ಮ ತಮ್ಮಲ್ಲೇ ಪಿಸುಗುಟ್ಟುತ್ತಿದ್ದರು. ಮಸಿಯ ಗಂಟು ತಟ್ಟತೊಡಗಿದೆ. ಮೊದಲು ಎಲ್ಲ ಕಪ್ಪು. ಆಮೇಲೆ ಎಡ ಅಂಚಿನಲ್ಲಿ ಒಂದು ಬಿಳಿಯ ಬಾಗು, ಅದರ ಪಕ್ಕದಲ್ಲಿ ಇನ್ನೊಂದು, ಕರಿ ನೆಲದ ಮೇಲೆ ಗೆದ್ದಲಿನ ಸಾಲು ಬಂದಂತೆ ಒಂದರ ಹಿಂದೆ ಒಂದು. ಮೂರು ಸಾಲು.

ಓದಿದೆ. ಮೇಲಿನ ನಾಲ್ಕು ಸಾಲಿನ ಬಿರುದುಗಳ ಅರಸ ಆಳುವಾಗ, ನಾನಾ ದೇಶದ ವರ್ತಕರು ಕೂಡಿ, ಹೊಳೆಯ ಕಡವಿನಲ್ಲಿ ದಾಟುವ ಹೇರಿಗೆ ಇಷ್ಟು ಎಣ್ಣೆ ಎಂದು ತಾರಾದೇವಿಯ ದೀಪಕ್ಕೆ ಬಿಟ್ಟಿದ್ದರು. ವಾಕ್ಯ ಮೇಲೆ ಶುರುವಾಗಿ ಕೆಳಗೆ ಮುಗಿದಿತ್ತು. ಕೆಳಗಿನ ಗೆರೆಗಳ ತಳ ಕಲ್ಲಿನಷ್ಟೇ ಕಪ್ಪು. ಮೂವತ್ತು ವರ್ಷ ನಾನು ನಕಾಶೆಯ ಮೇಲೆ ಬಾಣ ಹಾಕಿ ಊಹಿಸಿದ್ದ ಹೊಳೆದಾಟ, ನಾನು ಖೋಟಾ ಎಂದು ಬರೆದ ಕಲ್ಲಿನ ಬುಡದಲ್ಲಿತ್ತು.

ಸೋಮವಾರ ವಿಚಾರಣೆಗೆ ನಾನೂ ಹೋದೆ. ಅಧಿಕಾರಿ ಒಬ್ಬ ಸಮಾಧಾನದ ಹೆಣ್ಣುಮಗಳು. ನನ್ನ ಹಳೆಯ ಪತ್ರ ಮತ್ತು ಕಲ್ಲು ಖರೆ ಎಂದು ನಾನು ಬರೆದೊಯ್ದಿದ್ದ ಹೊಸ ಪತ್ರ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಅಣ್ಣಾಸಾಹೇಬರು ಎದ್ದು ನಿಂತರು.

"ಎರಡು ತಿಂಗಳ ಹಿಂದ ಖೋಟಾ ಅಂದ್ರು, ಈಗ ಖರೇ ಅಂತಾರ. ಇವ್ರ ತಲಿ ಯಾರೋ ತುಂಬ್ಯಾರ್ರಿ ಮೇಡಮ್. ಕಟ್ಟಿ ಒಡದಾಗ ನಾನೂ ಇದ್ದೆ, ಅಕ್ಷರ ಎದ್ದೂ, ಹೌದು. ಆದ್ರ ಹಳೇವೋ ಹೊಸಾವೋ ಅಂತ ಹೇಳಾವ್ರು ಮತ್ತ ಇವ್ರ ಅಲ್ಲೇನ್ರಿ? ಈ ಎರಡರಾಗ ಯಾವ ಕಾಗದ ನಂಬೂದು?"

ಪ್ರಶ್ನೆ ಸರಿಯಾದದ್ದೇ. ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ. ಜೀವನದಲ್ಲಿ ಮೊದಲ ಸಲ ನಾನೇ ಆ ಕರವಸ್ತ್ರದ ನಾಣ್ಯವಾಗಿದ್ದೆ, ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ಅಧಿಕಾರಿ ಕೇಳಿದರು: "ನಿಮ್ಮ ಮೊದಲ ಅಭಿಪ್ರಾಯ ತಪ್ಪು ಅಂತ ಈಗ ಹೇಳ್ತೀರಿ. ತಪ್ಪು ಹೆಂಗ ಆತು ಅಂತ ಇದರಾಗ ಬರದಿಲ್ಲ."

ಅದನ್ನು ನಾನು ಬೇಕೆಂದೇ ಬಿಟ್ಟಿದ್ದೆ. ಹೊಸ ಪತ್ರದಲ್ಲಿ ‘ಮರುಪರಿಶೀಲನೆಯಿಂದ ತಿಳಿದುಬಂದಂತೆ’ ಎಂದು ದೊಡ್ಡವರ ಭಾಷೆಯಲ್ಲಿ ದಾಟಿಬಿಟ್ಟಿದ್ದೆ. ಪೆನ್ನು ತೆಗೆದು ಅವರ ಎದುರಿಗೇ ಕೆಳಗೆ ಬರೆದೆ: ಕಲ್ಲಿನ ಮೇಲಿನ ಭಾಗವನ್ನಷ್ಟೇ ನೋಡಿದೆ. ಹದಿನೈದು ನಿಮಿಷ ನೋಡಿದೆ. ಪಡಿಯಚ್ಚು ತೆಗೆಯಲಿಲ್ಲ. ಕಟ್ಟೆಯ ಒಳಗೆ ಏನಿದೆ ಎಂದು ವಿಚಾರಿಸಲಿಲ್ಲ. ಇಷ್ಟರ ಮೇಲೆ ಖೋಟಾ ಎಂದು ಬರೆದದ್ದು ನನ್ನ ತಪ್ಪು, ಸುಮನಬಾಯಿಯವರದಲ್ಲ. ಪಡಿಯಚ್ಚು ಇದರ ಜೊತೆಗಿದೆ, ಬೇರೆ ಯಾವ ಪರಿಣತರಿಂದಲಾದರೂ ಓದಿಸಬಹುದು.

ಅಧಿಕಾರಿ ಓದಿದರು. ಅಣ್ಣಾಸಾಹೇಬರಿಗೂ ಓದಲು ಕೊಟ್ಟರು. ಅವರು ಎರಡು ಸಲ ಓದಿ, "ಇಷ್ಟು ಬರದ ಮ್ಯಾಲ ಇನ್ನೇನೈತ್ರಿ. ಆದ್ರ ನನ್ನ ದಾರಿ ಹ್ವಾದ್ರ ನಾ ಬಿಡೂದಿಲ್ಲ" ಎಂದು ಕೂತರು. ದಾರಿಯ ವಿಷಯ ತಮ್ಮ ಕಚೇರಿಯದಲ್ಲ ಎಂದರು ಅಧಿಕಾರಿ. ದೂರಿನಲ್ಲಿ ಹುರುಳಿಲ್ಲ ಎಂದು ಬರೆದು ಸಹಿ ಹಾಕಿ, ಪ್ರತಿಯನ್ನು ಸುಮನಬಾಯಿಯ ಕೈಗೆ ಕೊಟ್ಟರು.

ಹೊರಗೆ ಬಂದೆವು. ಸುಮನಬಾಯಿ ಆದೇಶವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿ ಇಟ್ಟುಕೊಂಡರು. ಕೃತಜ್ಞತೆಯ ಮಾತು ಬರಬಹುದೆಂದು ನಾನು ಕಾದೆ, ಸುಳ್ಳು ಯಾಕೆ ಹೇಳಲಿ.

"ಅಕ್ಕಾರ, ಒಂದ ಮಾತ ಕೇಳ್ಲ್ಯಾ?"

"ಕೇಳ್ರಿ."

"ಆವತ್ತ ಚಾ ಕುಡಕೋತ ಕುಂತಿದ್ರಿ. ನಾ ಬಾಜೂಕ ನಿಂತಿದ್ದೆ. ‘ಸುಮನಬಾಯಿ, ಈ ಅಕ್ಷರ ಬೆಳ್ಳಗ ಯಾಕ ಅದಾವು?’ ಅಂತ ಒಂದ ಮಾತ ನನ್ನ ಕೇಳಿದ್ರ ಹೇಳ್ತಿದ್ದೆ. ಕಲ್ಲಿನ ಮ್ಯಾಲ ಬೆರಳ ಆಡಿಸಿದ್ರಿ, ಫೋಟೋ ಹೊಡದ್ರಿ. ನನ್ನ ಯಾಕ ಕೇಳಲಿಲ್ರಿ?"

ನಿಮ್ಮ ಉತ್ತರ ಸುಳ್ಳೇ ಇರುತ್ತದೆ ಎಂದು ಕೇಳುವ ಮೊದಲೇ ತೀರ್ಮಾನಿಸಿದ್ದೆ ಎಂದು ಹೇಳಬೇಕಾಗಿತ್ತು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಉಗಾರದ ಕಡೆಯ ಟೆಂಪೋ ಬಂತು.

"ಬರ್ತೀನ್ರಿ. ಹನ್ನೆರಡಕ್ಕ ಹುಡುಗೂರಿಗೆ ಊಟ ಬಡಸಬೇಕು" ಎಂದು ಸುಮನಬಾಯಿ ಓಡಿದರು. ಟೆಂಪೋದವನು, "ಬರ್ರಿ ಟೀಚರ್, ಬರ್ರಿ, ಮುಂದ ಜಾಗಾ ಐತಿ" ಎಂದು ಬಾಗಿಲು ತೆಗೆದ.